ಅಳತೆಗೆಂದು ಒಯ್ದ ಸ್ಪ್ಯಾನರ್

ಡೆನ್ಜಿಲ್ ಪಾಸ್ಕೋ ತಾನು ಮಾಡಿದ ನಕಲಿ ಸ್ಪ್ಯಾನರನ್ನು ಮೊರ್ವೆನಾಳ ಅಡುಗೆಮನೆಯ ಮೇಜಿನ ಮೇಲಿಟ್ಟು, ಸತ್ಯಹರಿಶ್ಚಂದ್ರನ ಮುಖ ಮಾಡಿಕೊಂಡು ನಿಂತ.

"ಅಳತೆ ತಗೊಂಡಾಯ್ತು. ನಿಮ್ಮ ವಸ್ತು ನಿಮಗೆ," ಎಂದ.

ಅಸಲಿ ಅವನ ಶೆಡ್ಡಿನಲ್ಲಿ ಬೆಚ್ಚಗೆ ಮಲಗಿತ್ತು. ಹಿಂದೆ ಸೈನಿಕರು ಎಸೆತ ಕಲಿಯಲು ಬಳಸುತ್ತಿದ್ದ, ಮದ್ದಿಲ್ಲದ ಗ್ರೆನೇಡುಗಳನ್ನು ಕೂಡಿಹಾಕುವ ಹುಚ್ಚು ಡೆನ್ಜಿಲನಿಗೆ. ಅವುಗಳ ತಳದ ಬಿರಡೆ ಬಿಚ್ಚಿ, ತುಕ್ಕು ಕೆರೆದು, ಸ್ಪ್ರಿಂಗಿಗೆ ಎಣ್ಣೆ ಬಿಡಲು ಬೇಕಾದ ಹತಾರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಈ ಹುಚ್ಚಿನವರು ತಾವೇ ಅರ ಹಿಡಿದು ಉಜ್ಜಿ ಮಾಡಿಕೊಳ್ಳಬೇಕು. ಇಡೀ ಕಾರ್ನ್‌ವಾಲ್‌ನಲ್ಲಿ ಸೈನ್ಯದ್ದೇ ಆದ ಎರಡು ಹಲ್ಲಿನ ಸ್ಪ್ಯಾನರ್ ಇದ್ದದ್ದು ಮೊರ್ವೆನಾಳ ಗಂಡ ಹೆಡ್ಲಿಯ ಬಳಿ ಮಾತ್ರ. ಪುಣ್ಯಾತ್ಮ, ಬದುಕಿರುವ ತನಕ ಒಬ್ಬರಿಗೂ ಮುಟ್ಟಗೊಡಲಿಲ್ಲ. ಅವನು ಸತ್ತ ಮೇಲೆ ಅವಳು ಅದರಿಂದ ಸಿಂಕಿನ ಜಾಲರಿ ಬಿಚ್ಚಿ, ಕಟ್ಟಿಕೊಂಡ ಚಹಾದ ಚರಟ ತೆಗೆಯುತ್ತಿದ್ದಾಳೆಂದು ಕೇಳಿದಾಗ ಡೆನ್ಜಿಲನ ಹೊಟ್ಟೆ ಉರಿದುಹೋಯಿತು. ಕೊಟ್ಟುಬಿಡಿ ಎಂದರೆ, "ಗಂಡನ ನೆನಪು ಕಣಪ್ಪಾ" ಎಂದಳು. ಅಳತೆಗೆ ಎಂದಾಗ ಮಾತ್ರ ಮರುಮಾತಿಲ್ಲದೆ ಎತ್ತಿಕೊಟ್ಟಳು.

ನಕಲಿಗಾಗಿ ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ವಿನೆಗರಿನಲ್ಲಿ ನೆನೆಹಾಕಿದ, ಗೊಬ್ಬರದಲ್ಲಿ ಹೂತಿಟ್ಟ, ಹಿಡಿಯ ಮೇಲಿನ ಒಂದೊಂದು ಗೀರನ್ನೂ ಅದೇ ಜಾಗದಲ್ಲಿ ಮೂಡಿಸಿದ. ಇದು ಕಳ್ಳತನ ಎಂದು ಅವನಿಗೆ ಅನ್ನಿಸಲೇ ಇಲ್ಲ. ಸಿಂಕಿನ ಪಾಲಾಗಿದ್ದ ಅಸಲಿಯನ್ನು ತಾನು ಉದ್ಧಾರ ಮಾಡಿದೆ ಎಂದೇ ಅಂದುಕೊಂಡಿದ್ದ. ಅದರಿಂದ ಜಡಗಟ್ಟಿದ್ದ ಬಿರಡೆಯೊಂದನ್ನು ತಿರುಗಿಸಿ, "ಆಹಾ, ಸೈನ್ಯದ ಉಕ್ಕಿನ ಗತ್ತೇ ಬೇರೆ!" ಎಂದು ಮುದ್ದಿಟ್ಟೂ ಆಗಿತ್ತು.

ಮೊರ್ವೆನಾ ಸ್ಪ್ಯಾನರ್ ಎತ್ತಿಕೊಂಡು ನೇರ ಸಿಂಕಿನ ಬಳಿ ಹೋದಳು. ಡೆನ್ಜಿಲ್ ಕತ್ತು ಚಾಚಿ ಇಣುಕಿದ. ಜಾಲರಿ ಬೆಣ್ಣೆಯಂತೆ ತಿರುಗಿತು.

"ಪರವಾಗಿಲ್ವೇ! ಇದು ಚೆನ್ನಾಗಿ ಕಚ್ಚುತ್ತೆ. ಆ ಕರ್ನೋ ಮಾಡಿದ್ದು ಜಾರ್ತಿತ್ತು."

"ಕರ್ನೋ... ಏನು ಮಾಡಿದ್ದು?"

"ನೀನು ಒಯ್ದೆಯಲ್ಲ, ಅದೇ. ಹೋದ ವರ್ಷ ಅವನೂ ಅಳತೆಗೇ ಅಂತ ಬಂದಿದ್ದ. ಅವನಿಗಿಂತ ಮುಂಚೆ ನಮ್ಮ ಹಲ್ಲಿನ ಡಾಕ್ಟ್ರು. ಅವರು ಮಾಡಿ ತಂದಿದ್ದರ ಹಲ್ಲೇ ವಕ್ರ, ಪಾಪ!"

ಡೆನ್ಜಿಲ್ ಕುರ್ಚಿಯಲ್ಲಿ ಕುಸಿದ. ಮೋಸ ಹೋದದ್ದಕ್ಕಿಂತ ಹೆಚ್ಚಾಗಿ ಅವನನ್ನು ಚುಚ್ಚಿದ್ದು ಇನ್ನೊಂದು. ತನ್ನಂಥದೇ ಹುಚ್ಚಿನ, ಅರ ಹಿಡಿಯಲೂ ಬಾರದವನೆಂದು ತಾನು ಊರೆಲ್ಲ ಆಡಿಕೊಂಡ ಕರ್ನೋನ ಕೈಕೆಲಸಕ್ಕೆ ಮುದ್ದಿಟ್ಟಿದ್ದ!

"ನಿಮಗೆ ಮೊದಲಿನಿಂದ್ಲೂ ಗೊತ್ತಿತ್ತಾ?"

"ಹಾಸಿಗೆ ಹಿಡಿದಾಗಲೇ ಹೆಡ್ಲಿ ಹೇಳಿದ್ದ. 'ನಾನು ಮಾಡಿಟ್ಟಿರೋ ನಕಲಿಯನ್ನ ಸಿಂಕಿನ ಹತ್ರ ಇಡು. ಅಳತೆ ಅಳತೆ ಅಂತ ಒಬ್ಬೊಬ್ರೇ ಬರ್ತಾರೆ. ಬೇಡ ಅನ್ಬೇಡ, ಕೊಟ್ಟು ಕಳಿಸು. ನಿನ್ನ ಸಿಂಕಿಗೇ ಒಳ್ಳೇದು' ಅಂತ."

"ಮತ್ತೆ ಅಸಲಿದು?" ಡೆನ್ಜಿಲ್ ಕುರ್ಚಿಯ ತುದಿಗೆ ಸರಿದ.

"ಅವನು ಭಾನುವಾರ ಚರ್ಚಿಗೆ ಹಾಕ್ತಿದ್ದ ಕೋಟಿನ ಜೇಬಲ್ಲಿಟ್ಟೇ ಮಣ್ಣು ಮಾಡಿದ್ವಿ. ಹೊರಗಿಟ್ಟಿದ್ರೆ ನೀವು ಬಿಡ್ತಿದ್ರಾ?"

ಅವಳು ಅವನ ಮುಂದೆ ಒಂದು ಕೇಸರಿ ಬನ್ನು ಇಟ್ಟಳು. ಆಮೇಲೆ ಸ್ಪ್ಯಾನರನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಅತ್ತ ಇತ್ತ ತಿರುಗಿಸಿ ನೋಡಿದಳು.

"ಹಿಡಿ ಒಂಚೂರು ಉದ್ದ ಇದ್ದಿದ್ರೆ ಚೆನ್ನಾಗಿತ್ತು," ಎಂದಳು. "ಇರಲಿ ಬಿಡು. ಶನಿವಾರ ಇನ್ನೊಬ್ರು ಬರ್ತಾರೆ, ಅವರಿಗೆ ಹೇಳ್ತೀನಿ."