ಚಿಟ್ಟಿಯ ಹೊಟ್ಟೆಯ ಮೇಲಿನ ಗೆರೆಗಳು

"ಈ ನಾಯಿಗೆ ಯಾವತ್ತೂ ಬರೆ ಹಾಕಲ್ಲ ಕಣಮ್ಮ" ಎಂದು ಓಬಣ್ಣ ಮಗಳು ರೇವತಿಗೆ ಮಾತು ಕೊಟ್ಟಾಗ ಚಿಟ್ಟಿ ಇನ್ನೂ ಮರಿ. ಕುಂದುರ್ಪಿ ಕಡೆಯ ಕುರಿಹಟ್ಟಿಯಲ್ಲಿ ಹೊಟ್ಟೆ ಊದಿದ ಕುರಿಗೆ ಕಾದ ಕಬ್ಬಿಣದ ಬರೆ ಎಳೆಯುವುದೇ ಮದ್ದು. ಆ ಅರಚಾಟಕ್ಕೆ ಹುಡುಗಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಈಗ ಹಿಂದೂಪುರದ ಪಶುವೈದ್ಯೆ ಕಲ್ಪನಾ ಸ್ಕ್ಯಾನ್ ಮಾಡಲೆಂದು ಚಿಟ್ಟಿಯ ಊದಿದ ಹೊಟ್ಟೆಯ ಕೂದಲು ಬೋಳಿಸುತ್ತಿದ್ದರು. ತಲೆಯನ್ನು ರೇವತಿ, ಕಾಲುಗಳನ್ನು ಓಬಣ್ಣ ಹಿಡಿದಿದ್ದರು. ಕೂದಲು ಸರಿದಲ್ಲಿ ಕೆಂಪು ಗೆರೆಗಳು ಸಾಲಾಗಿ ಕಂಡವು.

"ಬೇಲಿ ಮುಳ್ಳು ತರಚಿರ್ಬೇಕು ಕಣಮ್ಮ" ಎಂದ ಓಬಣ್ಣ, ಯಾರೂ ಕೇಳುವ ಮೊದಲೇ.

"ನಿಮ್ಮೂರ ಬೇಲಿಗೆ ಸ್ಕೇಲ್ ಇಟ್ಟು ಗೆರೆ ಎಳೆಯೋಕೂ ಬತ್ತದಾ?" ಎಂದ ಡಾಕ್ಟರಮ್ಮ ಸ್ಕ್ಯಾನಿನ ಪರದೆಯತ್ತ ತಿರುಗಿದರು. "ಲಿವರ್‌ನಿಂದ ರಕ್ತ ಹೊರಗೆ ಹೋಗೋ ನಾಳದಲ್ಲಿ ಹೆಪ್ಪುಗಟ್ಟಿದೆ. ಅದಕ್ಕೇ ಹೊಟ್ಟೇಲಿ ನೀರು. ನೀರು ತೆಗೆದು, ಹೆಪ್ಪು ಬೆಳೀದಂಗೆ ಔಷಧಿ ಕೊಡ್ತೀನಿ. ಉಳಿಯುತ್ತೆ ಅಂತ ಈಗಲೇ ಹೇಳೋಕಾಗಲ್ಲ. ಊದಿದಾಗಲೇ ಇಲ್ಲಿಗೆ ತರಬೇಕಿತ್ತಪ್ಪ."

ರೇವತಿ ತಲೆಯೆತ್ತಲಿಲ್ಲ. "ಬರೆ ಹಾಕುವಾಗ ಕಾಲು ಯಾರು ಹಿಡ್ಕಂಡಿದ್ರಪ್ಪಾ?"

ಓಬಣ್ಣ ತನ್ನ ಕೈಗಳನ್ನು ನೋಡಿಕೊಂಡ. ಚಿಟ್ಟಿ ಕೊಸರಾಡದೆ ಆ ಕೈಗಳಿಗೇ ಕಾಲು ಒಪ್ಪಿಸಿ ಮಲಗಿತ್ತು. "ನಾನೇ" ಎಂದ. ಮಗಳಿಗೆ ಕೊಟ್ಟ ಮಾತನ್ನು ಅವನು ಮುರಿದಿದ್ದ.