ಕರಡಿಯೆದುರು ಲಾಲ್‌ಸಾಬ್

ಸೊಕ್ಕೆಯ ಗುಡ್ಡದಲ್ಲಿ ಗಾಳಿ ತಿರುಗಿದೊಡನೆ, ಮರಿಯೊಂದಿಗೆ ಹುತ್ತ ಕೆದಕುತ್ತಿದ್ದ ಕರಡಿ ಹಿಂಗಾಲ ಮೇಲೆದ್ದು ಮೂಗೆತ್ತಿತು. ತಮಗೆ ಕರಡಿ ತೋರಿಸಲು ಕರೆತಂದಿದ್ದ ಲಾಲ್‌ಸಾಬನ ತೋಳನ್ನು ಅಮಲ್ದಾರರು ಬಿಗಿಯಾಗಿ ಹಿಡಿದರು. ವಾಸನೆ ಹರಡಬಾರದೆಂದು ಬೆಳಿಗ್ಗೆ ಅವರ ತಲೆಯ ಸುಗಂಧದೆಣ್ಣೆಯನ್ನು ಹಟ ಹಿಡಿದು ತೊಳೆಸಿದ್ದವನು ಅವನೇ. ಈಗ ಅವನಿಗೆ ತನ್ನ ಕಿವಿಯಲ್ಲಿದ್ದ ಹತ್ತಿ ನೆನಪಾಯಿತು: ನಿನ್ನೆಯ ರಂಜಾನ್ ಹಬ್ಬಕ್ಕೆ ಹೆಂಡತಿ ಆಮಿನಾ ಇಟ್ಟ ಅತ್ತರು!

"ಅಲ್ಲಾಡಬ್ಯಾಡ್ರಿ ಸಾಹೇಬ್ರ. ಅದು ನನ್ನ ಮಾತಾಡ್ಸಾಕೆ ಎದ್ದೈತೆ," ಎಂದು ತೋಳು ಬಿಡಿಸಿಕೊಂಡು, ಅವರಿಂದ ದೂರ, ಬಯಲಿಗೆ ನಡೆದನು. ಕರಡಿಯ ಮೂಗು ಅವನನ್ನೇ ಹಿಂಬಾಲಿಸಿತು. ಕಿವಿಯ ಹತ್ತಿಯನ್ನು ತೆಗೆದು ಬಂಡೆಯ ಮೇಲಿಟ್ಟು, ಬೆನ್ನು ತೋರಿಸದೆ ಹಿಂದೆ ಸರಿದನು. ಕರಡಿ ಬಂದು ಅದನ್ನು ಮೂಸಿ, ಜೋರಾಗಿ ಸೀನಿ, ಮರಿಯನ್ನು ಬೆನ್ನಿಗೇರಿಸಿಕೊಂಡು ಪೊದೆ ಹೊಕ್ಕಿತು.

"ಎಂಥಾ ಧೈರ್ಯವಯ್ಯಾ ನಿಂದು!" ಎಂದರು ಅಮಲ್ದಾರರು.

"ಧೈರ್ಯ ಅಲ್ರೀ," ಎಂದು ಲಾಲ್‌ಸಾಬ್ ಅತ್ತರಿನ ಕಿವಿ ತೋರಿಸಿದನು. "ನಿಮ್ಮ ತಲೆ ತೊಳೆಸ್ದೆ, ನನ್ನ ಕಿವಿ ಮರ್ತೆ."