ಕಿವಿ ತೆರೆಸುವ ಹೆಸರು

ಮಕ್ಕಳೆಲ್ಲ ಕಿವುಡಾಗಿಯೇ ಹುಟ್ಟುತ್ತಿದ್ದ ಕಾಲವೊಂದಿತ್ತು. ಸೋದರತ್ತೆ ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ಹೆಸರನ್ನು ತಪ್ಪಿಲ್ಲದೆ ಉಸುರಿದ ಮೇಲೆಯೇ ಕೂಸಿಗೆ ಲೋಕ ಕೇಳಿಸುತ್ತಿತ್ತು. ಅದಕ್ಕೂ ಮೂರೇ ಸಲ ಅವಕಾಶ.

ನೀಲಗಂಗಾ ತನ್ನ ತಮ್ಮನ ಮಗಳಿಗೆ ಇದ್ದ ಒಬ್ಬಳೇ ಸೋದರತ್ತೆ. ಅಮೈಲಾಯ್ಡ್ ಎಂಬ ಅಂಟು ಪ್ರೋಟೀನು ಮೇಣದಂತೆ ಕೂತು ಅವಳ ನಾಲಿಗೆ ದಪ್ಪಗಾಗಿತ್ತು, ದನಿ ಗೊಗ್ಗರಾಗಿತ್ತು. ಎರಡು ಸಲ ಹೆಸರು ತೊದಲಿತ್ತು, ಕೂಸು ಕದಲಿರಲಿಲ್ಲ.

"ಹೆಸರ ಬದಲ ಮಾಡೂಣ ಅಕ್ಕಾ," ಎಂದಳು ತಮ್ಮನ ಹೆಂಡತಿ ಕಸ್ತೂರಿ. "ಉಮಾ ಅಂದ್ರ ನಾಲಿಗಿಗೆ ಹಗುರ."

"ಮೊದಲ ಆರಿಸಿದ್ದು ನಮ್ಮವ್ವನ ಹೆಸರು. ಇಡ್ತೀನಂತ ಅಕೀಗೆ ಮಾತು ಕೊಟ್ಟೇನಿ," ಎಂದಳು ನೀಲಗಂಗಾ, ಒಂದೊಂದೇ ಮಾತನ್ನು ಎಳೆಯುತ್ತ. "ದಪ್ಪ ಆಗಿದ್ದು ನಾಲಿಗಿ, ಬುದ್ಧಿ ಅಲ್ಲ."

ಕಸ್ತೂರಿ ನಕ್ಕಳು, ಕಣ್ಣೊರೆಸಿಕೊಂಡಳು.

ನೀಲಗಂಗಾ ತೊಟ್ಟಿಲಿಗೆ ಬಾಗಿದಳು. ತಿಂಗಳಿಡೀ ರೊಟ್ಟಿ ಬಡಿಯುತ್ತ, ಬಡಿತಕ್ಕೊಂದು ಅಕ್ಷರದಂತೆ ಅವಳು ನಾಲಿಗೆಯನ್ನು ಪಳಗಿಸಿದ್ದಳು. ಈಗ ಅದೇ ಅಂಗೈಯಿಂದ ತೊಟ್ಟಿಲ ಹಲಗೆಯನ್ನು ಮೂರು ಸಲ ಮೆತ್ತಗೆ ಬಡಿದಳು.

"ತು. ಳ. ಸಾ."

ಕೂಸು ಬೆಚ್ಚಿ ಚೀರಿತು. ತನ್ನ ಅಳು ತನಗೇ ಕೇಳಿಸಿ ಗಪ್ಪನೆ ಸುಮ್ಮನಾಯಿತು. ಆಮೇಲೆ ಆ ಗೊಗ್ಗರು ದನಿ ಬಂದ ಕಡೆಗೆ ಮುಖ ತಿರುಗಿಸಿತು.